161ಕ್ಕೆ 121: ಕ್ಲಾರಾ ಕಾಂಪೊಅಮೊರ್ ಕತೆ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಹಿಂದುಮುಂದಾದದ್ದನ್ನು ಅಲ್ಲಲ್ಲಿ ಸರಿಮಾಡಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಪೇನ್ ಗಣರಾಜ್ಯದ ಮಾತು ಬಂದರೆ ನಾವೆಲ್ಲ ನೇರ ಅಂತರ್ಯುದ್ಧಕ್ಕೆ ಹೋಗಿಬಿಡುತ್ತೇವೆ. ಆ ಯುದ್ಧ ಗೆದ್ದು ಸರ್ವಾಧಿಕಾರಿಯಾದ ಫ್ರಾಂಕೊ, ಬಾಂಬು, ಹೊರದೇಶಗಳಿಂದ ಬಂದು ಕಾದಾಡಿದ ಹುಡುಗರು. ಅದೆಲ್ಲ ದೊಡ್ಡ ಕತೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಯುದ್ಧಕ್ಕೆ ಐದು ವರ್ಷ ಮುಂಚೆ, 1931ರ ಅಕ್ಟೋಬರ್ 1ರಂದು, ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಒಂದು ಜಗಳ ನಡೆಯಿತು. ಹೆಂಗಸರಿಗೆ ಓಟು ಕೊಡಬೇಕೋ ಬೇಡವೋ ಅನ್ನುವ ಜಗಳ. ಇಂಥದ್ದು ಬೇಕಾದಷ್ಟು ದೇಶಗಳಲ್ಲಿ ನಡೆದಿದೆ, ಇದರಲ್ಲೇನು ವಿಶೇಷ ಅಂತೀರಾ? ವಿಶೇಷ ಇಷ್ಟೇ. ಇಲ್ಲಿ ಬೇಡ ಅಂದವರು ಸಂಪ್ರದಾಯವಾದಿಗಳಲ್ಲ, ಪ್ರಗತಿಪರರು. ಬೇಕು ಅಂತ ಕೈ ಎತ್ತಿದವರಲ್ಲಿ ಪಾದ್ರಿಗಳ ಕಡೆಯವರೂ ಇದ್ದರು. ಇವರ ನಡುವೆ ಹಟ ಹಿಡಿದು ನಿಂತವರು ಕ್ಲಾರಾ ಕಾಂಪೊಅಮೊರ್ ಅನ್ನುವ ವಕೀಲೆ. ಇಷ್ಟುದ್ದದ ಹೆಸರನ್ನು ಪದೇ ಪದೇ ಹೇಳುವುದು ಕಷ್ಟ, ಕ್ಲಾರಾ ಅಂತಲೇ ಕರೆಯುತ್ತೇನೆ.

ಕ್ಲಾರಾ ಹುಟ್ಟಿದ್ದು 1888ರ ಫೆಬ್ರವರಿ 12ರಂದು, ಮ್ಯಾಡ್ರಿಡ್‌ನ ಸಾಧಾರಣ ಜನ ಇರುವ ಬಡಾವಣೆಯಲ್ಲಿ. ಅಪ್ಪ ಪತ್ರಿಕೆಯೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಮ್ಮ ಹೊಲಿಗೆ ಕೆಲಸದವರು. ಹುಡುಗಿಗೆ ಹತ್ತು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು. ಅಲ್ಲಿಗೆ ಶಾಲೆ ಮುಗಿಯಿತು. ಅಮ್ಮನ ಜೊತೆ ಸೂಜಿ ದಾರ ಹಿಡಿದರು. ಆಮೇಲೆ ಅಂಗಡಿಯಲ್ಲಿ ಕೆಲಸ, ಟೆಲಿಫೋನ್ ಆಪರೇಟರ್ ಕೆಲಸ, ಸಿಕ್ಕಿದ್ದೆಲ್ಲ ಮಾಡಿದರು. 1909ರಲ್ಲಿ ಪರೀಕ್ಷೆ ಕಟ್ಟಿ ಅಂಚೆ ತಂತಿ ಇಲಾಖೆಯಲ್ಲಿ ಸಹಾಯಕಿ ಕೆಲಸ ಹಿಡಿದರು. ಮೊದಲು ಸರಗೋಸಾ, ಆಮೇಲೆ ಸಾನ್ ಸೆಬಾಸ್ಟಿಯನ್. 1914ರಲ್ಲಿ ಇನ್ನೊಂದು ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದರು, ಮ್ಯಾಡ್ರಿಡ್‌ಗೆ ವಾಪಸ್ ಬಂದರು. ವಯಸ್ಕರ ಶಾಲೆಯಲ್ಲಿ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಹೇಳಿಕೊಡುವ ಕೆಲಸ. ಬೇರೆ ವಿಷಯ ಕಲಿಸುವಂತಿರಲಿಲ್ಲ, ಯಾಕೆಂದರೆ ಅವರ ಹತ್ತಿರ ಶಾಲೆ ಮುಗಿಸಿದ ಸರ್ಟಿಫಿಕೇಟೇ ಇರಲಿಲ್ಲ!

ಈ ಕೊರತೆ ಅವರನ್ನು ಕೊರೆಯುತ್ತಿತ್ತು ಅಂತ ಕಾಣುತ್ತದೆ. ಮೂವತ್ತು ದಾಟಿದ ಮೇಲೆ, ಬೆಳಗ್ಗೆಯಿಂದ ಸಂಜೆವರೆಗೆ ಎರಡು ಮೂರು ಕಡೆ ದುಡಿಯುತ್ತಲೇ, ಹುಡುಗರ ಜೊತೆ ಕೂತು ಶಾಲೆ ಪರೀಕ್ಷೆ ಬರೆದರು. ಅಲ್ಲಿಂದ ಕಾನೂನು. 1924ರ ಕೊನೆಗೆ, 36ನೇ ವಯಸ್ಸಿನಲ್ಲಿ, ಲಾ ಡಿಗ್ರಿ ಕೈಗೆ ಬಂತು. ಮ್ಯಾಡ್ರಿಡ್ ವಕೀಲರ ಸಂಘಕ್ಕೆ ಸೇರಿದ ಎರಡನೇ ಹೆಂಗಸು ಅವರು. ಅವರಿಗಿಂತ ಸ್ವಲ್ಪವೇ ಮುಂಚೆ ಸೇರಿದ ಮೊದಲನೆಯವರು ವಿಕ್ಟೋರಿಯಾ ಕೆಂಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಕ್ಲಾರಾ ಅವರ ಭಾಷಣ ಓದಿದವರು ಇವರದ್ದು ಬರೀ ತರ್ಕ, ಮೆತ್ತಗಿನ ಮಾತೇ ಇಲ್ಲ ಅಂತ ದೂರುವುದುಂಟು. ಇರಬಹುದು. ಆದರೆ ಆ ತರ್ಕ ಬಂದದ್ದು ಪುಸ್ತಕದಿಂದಷ್ಟೇ ಅಲ್ಲ. ಹೆಂಗಸರು ಇನ್ನೂ ತಯಾರಾಗಿಲ್ಲ ಅಂತ ಯಾರಾದರೂ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹದಿಮೂರು ಹದಿನಾಲ್ಕಕ್ಕೇ ದುಡಿಯಲು ನಿಂತ ಹುಡುಗಿಗೆ ಇನ್ನೇನು ತಯಾರಿ ಬೇಕಿತ್ತು?

ಆಗ ಸ್ಪೇನ್‌ನಲ್ಲಿ ರಾಜ ಅಲ್ಫೊನ್ಸೊ 13 ಹೆಸರಿಗೆ ಇದ್ದ. 1923ರಿಂದ ಆಡಳಿತ ನಡೆಸುತ್ತಿದ್ದವನು ಸರ್ವಾಧಿಕಾರಿ ಪ್ರಿಮೊ ದೆ ರಿವೆರಾ. ಆ ಸರ್ಕಾರದ ಕಾಲದಲ್ಲಿ ಬಂದ ಪದಕವನ್ನು ಕ್ಲಾರಾ ಬೇಡ ಅಂದರು. 1930ರ ಡಿಸೆಂಬರ್‌ನಲ್ಲಿ ಗಣರಾಜ್ಯವಾದಿಗಳು ದಂಗೆ ಎದ್ದು ಸೋತಾಗ, ಸಾನ್ ಸೆಬಾಸ್ಟಿಯನ್‌ನಲ್ಲಿ ಸಿಕ್ಕಿಬಿದ್ದವರ ಪರವಾಗಿ ವಕಾಲತ್ತು ವಹಿಸಿದರು. ಸಿಕ್ಕಿಬಿದ್ದವರಲ್ಲಿ ಅವರ ತಮ್ಮನೂ ಇದ್ದ. ನಾಲ್ಕೇ ತಿಂಗಳಲ್ಲಿ ಗಾಳಿ ತಿರುಗಿತು. 1931ರ ಏಪ್ರಿಲ್‌ನ ಪುರಸಭೆ ಚುನಾವಣೆಗಳಲ್ಲಿ ನಗರಗಳೆಲ್ಲ ಗಣರಾಜ್ಯವಾದಿಗಳ ಪಾಲಾದವು, ರಾಜ ಗಂಟುಮೂಟೆ ಕಟ್ಟಿದ, ಏಪ್ರಿಲ್ 14ರಂದು ಎರಡನೇ ಗಣರಾಜ್ಯ ಘೋಷಣೆಯಾಯಿತು.

ಹೊಸ ಸಂವಿಧಾನ ಬರೆಯಲು ಜೂನ್‌ನಲ್ಲಿ ಚುನಾವಣೆ. ಇಲ್ಲಿ ಒಂದು ತಮಾಷೆ ನೋಡಿ. ತಾತ್ಕಾಲಿಕ ಸರ್ಕಾರ ಹೊರಡಿಸಿದ ಆಜ್ಞೆ ಪ್ರಕಾರ ಹೆಂಗಸರು ಚುನಾವಣೆಗೆ ನಿಲ್ಲಬಹುದು, ಗೆಲ್ಲಬಹುದು, ಆದರೆ ಓಟು ಹಾಕುವಂತಿಲ್ಲ. ಗಂಡಸರಷ್ಟೇ ಓಟು ಹಾಕಿ ಕಳಿಸಿದ 470 ಜನರ ಸಭೆಗೆ ಎರಡೇ ಎರಡು ಹೆಂಗಸರು ಬಂದರು. ರಾಡಿಕಲ್ ಪಕ್ಷದಿಂದ ಕ್ಲಾರಾ, ರಾಡಿಕಲ್ ಸಮಾಜವಾದಿ ಪಕ್ಷದಿಂದ ವಿಕ್ಟೋರಿಯಾ ಕೆಂಟ್. ಸಮಾಜವಾದಿ ಪಕ್ಷದ ಮಾರ್ಗರಿತಾ ನೆಲ್ಕೆನ್ ಬಂದದ್ದು ಸ್ವಲ್ಪ ತಡವಾಗಿ, ಈ ಚರ್ಚೆ ಮುಗಿದ ಮೇಲೆ.

ಕ್ಲಾರಾ ಸೇರಿದ್ದ ರಾಡಿಕಲ್ ಪಕ್ಷದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಅದರ ನಾಯಕ ಅಲೆಹಾಂದ್ರೊ ಲೆರೂ ಯೌವನದಲ್ಲಿ ಬಾರ್ಸಿಲೋನದ ಬೀದಿಗಳಲ್ಲಿ ಬೆಂಕಿ ಉಗುಳುತ್ತಿದ್ದ ಮನುಷ್ಯ, ವಯಸ್ಸಾಗುತ್ತಾ ಗಾಳಿ ಬಂದ ಕಡೆ ತೂರಿಕೊಳ್ಳಲು ಕಲಿತವನು. ಕ್ಲಾರಾ ಮೊದಲು ಗಣರಾಜ್ಯವಾದಿ ನಾಯಕ, ಮುಂದೆ ಪ್ರಧಾನಿಯಾದ ಮನುವೆಲ್ ಅಸಾನ್ಯಾ ಅವರ ಬಳಗದಲ್ಲಿದ್ದರು. ಅಲ್ಲಿ ಟಿಕೆಟ್ ಸಿಗುವ ಲಕ್ಷಣ ಕಾಣಲಿಲ್ಲ, ಲೆರೂ ಪಕ್ಷ ಕೊಟ್ಟಿತು, ಹೋದರು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ರಾಜಕಾರಣ ಮಾಡಲು ಬಂದಿದ್ದರು, ಒಳಗೆ ಹೋಗದೆ ಮಾಡುವುದು ಹೇಗೆ?

ಒಳಗೆ ಹೋದ ಮೇಲೆ ಸುಮ್ನೆ ಕೂರಲಿಲ್ಲ. ಸಂವಿಧಾನದ ಕರಡು ಬರೆಯುವ 21 ಜನರ ಸಮಿತಿಗೆ ಹಿಮೆನೆಸ್ ದೆ ಅಸುಆ ಅಧ್ಯಕ್ಷರು, ಅದರಲ್ಲಿದ್ದ ಒಬ್ಬಳೇ ಹೆಂಗಸು ಕ್ಲಾರಾ. ಗಂಡು ಹೆಣ್ಣಿನ ಸಮಾನತೆಯನ್ನು "ತಾತ್ವಿಕವಾಗಿ" ಒಪ್ಪುತ್ತೇವೆ ಅಂತ ಕರಡಿನಲ್ಲಿ ಬರೆದಿದ್ದರು. ಈ "ತಾತ್ವಿಕವಾಗಿ" ಎಷ್ಟು ಅಪಾಯದ್ದು ಅಂತ ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ಗೊತ್ತು. ಕ್ಲಾರಾ ಅದಕ್ಕೇ ಮೊದಲು ಕೈ ಹಾಕಿದರು. ಸೆಪ್ಟೆಂಬರ್ 1ರಂದು ಎದ್ದು ನಿಂತು ಮಾತಾಡಿದರು. ಸ್ಪೇನ್ ಸಂಸತ್ತಿನಲ್ಲಿ ಒಬ್ಬ ಹೆಂಗಸು ಭಾಷಣ ಮಾಡಿದ್ದು ಅದೇ ಮೊದಲು.

ಆಮೇಲೆ ಶುರುವಾಯಿತು ನೋಡಿ ನಾಟಕ. ನೊವೊಆ ಸಾಂತೊಸ್ ಅಂತ ಒಬ್ಬರು, ದೊಡ್ಡ ವೈದ್ಯ, ಪ್ರಾಧ್ಯಾಪಕ. ಹೆಣ್ಣೆಂದರೆ ಭಾವೋದ್ರೇಕ, ಉನ್ಮಾದ ಅನ್ನುವುದು ಅವಳಿಗೆ ರೋಗವಲ್ಲ, ಅವಳ ಮೈಯ ಗುಣವೇ ಅದು, ಇಂಥವಳ ಕೈಗೆ ದೇಶ ಕೊಡಬೇಕಾ ಅಂತ ಸಭೆಯಲ್ಲಿ ವಿಜ್ಞಾನದ ಹೆಸರಲ್ಲಿ ವಾದ ಮಾಡಿದರು. ಇನ್ನೊಬ್ಬರು ಇಲಾರಿಯೊ ಅಯುಸೊ. ಇವರು ಸಾಕ್ಷಾತ್ ತಿದ್ದುಪಡಿಯನ್ನೇ ತಂದರು. ಗಂಡಸರಿಗೆ 23ಕ್ಕೆ ಓಟು, ಹೆಂಗಸರಿಗೆ 45ಕ್ಕೆ. ಯಾಕಪ್ಪಾ 45? ಮುಟ್ಟು ನಿಂತ ಮೇಲೆ ಹೆಂಗಸಿನ ತಲೆ ಸರಿಯಾಗುತ್ತದಂತೆ! ಇದನ್ನು ಹೇಳಿದ್ದು ಯಾವುದೋ ಮಠದಲ್ಲಿ ಅಲ್ಲ, ಯುರೋಪಿನ ಅತಿ ಹೊಸ ಗಣರಾಜ್ಯದ ಸಂವಿಧಾನ ಸಭೆಯಲ್ಲಿ, ಅದೂ ಗಣರಾಜ್ಯವಾದಿ ಪಕ್ಷದವರು.

ಇವರನ್ನು ನಗೆಯಲ್ಲೇ ತಳ್ಳಿಹಾಕಬಹುದಿತ್ತು, ಸಭೆಯೂ ನಕ್ಕಿತು. ನಗಲು ಆಗದಂಥ ವಾದ ಬೇರೆ ಇತ್ತು. ಸ್ಪೇನ್‌ನ ಹಳ್ಳಿ ಪಟ್ಟಣಗಳಲ್ಲಿ ಹೆಂಗಸರು ವಾರ ವಾರ ಚರ್ಚಿಗೆ ಹೋಗುತ್ತಾರೆ, ಪಾದ್ರಿಯ ಎದುರು ಪಾಪನಿವೇದನೆ ಮಾಡುತ್ತಾರೆ. ಪಾದ್ರಿಗಳಿಗೆ ಗಣರಾಜ್ಯ ಅಂದರೆ ಆಗದು. ಈಗ ಓಟು ಕೊಟ್ಟರೆ ಅದು ನೇರ ಪಾದ್ರಿಯ ಕಿಸೆಗೆ ಹೋಗುತ್ತದೆ, ಬಲಪಂಥ ಗೆಲ್ಲುತ್ತದೆ, ಗಣರಾಜ್ಯವೇ ಹೋಗುತ್ತದೆ, ಆಮೇಲೆ ಹೆಂಗಸರ ಹಕ್ಕೂ ಇಲ್ಲ ಗಂಡಸರ ಹಕ್ಕೂ ಇಲ್ಲ. ಆದ್ದರಿಂದ ಓಟು ಕೊಡೋಣ, ಆದರೆ ಈಗ ಬೇಡ. ರಾಡಿಕಲ್ ಪಕ್ಷ, ರಾಡಿಕಲ್ ಸಮಾಜವಾದಿಗಳು, ಅಸಾನ್ಯಾ ಅವರ ಪಕ್ಷದ ಬಹುಪಾಲು ಜನ, ಎಲ್ಲರದ್ದೂ ಇದೇ ಲೆಕ್ಕ.

ಅಕ್ಟೋಬರ್ 1ರಂದು ಈ ಮಾತನ್ನು ಆಡಲು ಎದ್ದು ನಿಂತವರು ವಿಕ್ಟೋರಿಯಾ ಕೆಂಟ್. ಹೆಂಗಸರ ಓಟನ್ನು ಮುಂದಕ್ಕೆ ಹಾಕಬೇಕು ಅಂತ ಒಬ್ಬ ಹೆಂಗಸಿನ ಬಾಯಲ್ಲೇ ಹೇಳಿಸಿದರೆ ಅದರ ತೂಕವೇ ಬೇರೆ, ಅಲ್ವಾ? ಆದರೆ ಕೆಂಟ್ ಯಾರದೋ ಕೈಗೊಂಬೆಯಾಗಿ ಮಾತಾಡಲಿಲ್ಲ. ಇದು ಹೆಂಗಸರ ಯೋಗ್ಯತೆಯ ಪ್ರಶ್ನೆ ಅಲ್ಲ, ಗಣರಾಜ್ಯಕ್ಕೆ ಇದು ಸರಿಯಾದ ಸಮಯವೇ ಅನ್ನುವ ಪ್ರಶ್ನೆ ಅಂದರು. ತಾಯಂದಿರು ಬೀದಿಗೆ ಬಂದು ಮಕ್ಕಳಿಗೆ ಶಾಲೆ ಕೊಡಿ ಅಂತ ಕೇಳಿದ್ದನ್ನು ನೋಡಿದ್ದರೆ, ಮಕ್ಕಳನ್ನು ಮೊರೊಕ್ಕೊ ಯುದ್ಧಕ್ಕೆ ಕಳಿಸಲ್ಲ ಅಂತ ತಡೆದದ್ದನ್ನು ನೋಡಿದ್ದರೆ ನಾನೇ ಇವತ್ತು ಓಟು ಕೇಳುತ್ತಿದ್ದೆ ಅಂದರು. ತಾನು ಒಂದು ಆದರ್ಶವನ್ನು ಬಿಟ್ಟುಕೊಡುತ್ತಿದ್ದೇನೆ ಅಂತಲೂ ಒಪ್ಪಿಕೊಂಡರು. ಓದಿದರೆ ಪ್ರಾಮಾಣಿಕ ಮಾತು ಅಂತಲೇ ಅನ್ನಿಸುತ್ತದೆ.

ಕ್ಲಾರಾ ಉತ್ತರ ಕೊಡಲು ಎದ್ದರು. ಮೊದಲಿಗೆ, ಕೆಂಟ್ ಅವರ ಮನಸ್ಸಿನ ಸಂಕಟ ನನಗೆ ಅರ್ಥವಾಗುತ್ತದೆ ಅಂದರು. ಆಮೇಲೆ ಒಂದೊಂದೇ ಬಿಚ್ಚಿದರು. ಹೆಂಗಸರು ಗಣರಾಜ್ಯಕ್ಕಾಗಿ ಏನೂ ಮಾಡಿಲ್ಲ ಅಂತೀರಿ, ಹಾಗಾದರೆ ಗಂಡಸರ ಜೊತೆ ಸೇರಿ ಹೋರಾಡಿದ್ದು ಯಾರು? ಗಣರಾಜ್ಯದ ಕಡೆ ಇದ್ದೇವೆ ಅಂತ ತೋರಿಸಿಕೊಟ್ಟ ಮೇಲೆ ಬಹುಮಾನವಾಗಿ ಓಟು ಕೊಡುತ್ತೀರಾ? ಹೆಂಗಸರು ತೆರಿಗೆ ಕಟ್ಟುವುದಿಲ್ಲವೇ? ನೀವು ಮಾಡುವ ಕಾನೂನು ಅವರ ತಲೆ ಮೇಲೂ ಬೀಳುವುದಿಲ್ಲವೇ? ಅನಕ್ಷರತೆ ಅಂತೀರಿ, ಓದು ಬಾರದ ಗಂಡಸಿನ ಓಟನ್ನು ಯಾರಾದರೂ ಕಿತ್ತುಕೊಂಡಿದ್ದೀರಾ? ಅನಕ್ಷರತೆ ಹೆಂಗಸರಲ್ಲೇ ಬೇಗ ಇಳಿಯುತ್ತಿದೆ ಅಂತ ಅಂಕಿ ಅಂಶ ಮುಂದಿಟ್ಟರು. ಸ್ವಾತಂತ್ರ್ಯಕ್ಕೆ ಜನ ಪಳಗುವುದು ಅದರೊಳಗೆ ನಡೆದಾಡಿಯೇ ಹೊರತು ಬೇರೆ ದಾರಿ ಇಲ್ಲ ಅಂತ ಜರ್ಮನಿಯ ಚಿಂತಕ ಹುಂಬೋಲ್ಟ್ ಮಾತನ್ನು ನೆನಪಿಸಿದರು. ನಾನು ಹೆಂಗಸು ಅನ್ನುವುದಕ್ಕಿಂತ ಮುಂಚೆ ಒಬ್ಬ ನಾಗರಿಕ, ಈ ಅರ್ಥದಲ್ಲಿ ಮಾತಾಡುತ್ತಿದ್ದೇನೆ ಅಂದರು. ಮಧ್ಯೆ ಮಧ್ಯೆ ಕೂಗಾಟ. ತಮ್ಮ ಪಕ್ಷದವರೇ ಎದುರಿಗೆ. ಗ್ಯಾಲರಿಯಲ್ಲಿ ಹೆಂಗಸರು.

ಇಡೀ ಭಾಷಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅವರು ಹೇಳದೇ ಬಿಟ್ಟ ಒಂದು ಮಾತು. ಹೆಂಗಸರು ಗಣರಾಜ್ಯಕ್ಕೇ ಓಟು ಹಾಕುತ್ತಾರೆ, ನಾನು ಗ್ಯಾರಂಟಿ ಅಂತ ಅವರು ಜಾಮೀನು ನಿಲ್ಲಲಿಲ್ಲ. ನಿಂತಿದ್ದರೆ ಹತ್ತು ಓಟು ಜಾಸ್ತಿ ಬೀಳುತ್ತಿತ್ತೇನೋ. ಆದರೆ ಹಾಗೆ ಹೇಳಿದ ಕ್ಷಣ ಓಟು ಹಕ್ಕಾಗಿ ಉಳಿಯುವುದಿಲ್ಲ, ಸಾಲವಾಗುತ್ತದೆ. ಸರಿಯಾಗಿ ತೀರಿಸದಿದ್ದರೆ ವಾಪಸ್ ಕೇಳಬಹುದು. ಈ ಒಂದು ವಿಷಯಕ್ಕೆ ಅವರು ತಮ್ಮ ರಾಜಕೀಯ ಜೀವನವನ್ನೇ ಪಣಕ್ಕಿಟ್ಟರು ಅಂತ ನಾನು ಓದಿಕೊಂಡಿದ್ದೇನೆ.

ಎಣಿಕೆ ಆಯಿತು. ಪರವಾಗಿ 161, ವಿರುದ್ಧ 121. ಸುಮಾರು 40 ಪ್ರತಿಶತ ಸದಸ್ಯರು ಓಟೇ ಹಾಕಲಿಲ್ಲ. ಸಮಾಜವಾದಿಗಳ ದೊಡ್ಡ ಗುಂಪು ಪರ ನಿಂತಿತ್ತು, ಆದರೆ ಅವರದ್ದೇ ನಾಯಕ ಇಂದಾಲೆಸಿಯೊ ಪ್ರಿಯೆತೊ, ಇದು ಗಣರಾಜ್ಯದ ಬೆನ್ನಿಗೆ ಹಾಕಿದ ಚೂರಿ ಅಂತ ಕೂಗುತ್ತಾ ಸಭೆಯಿಂದ ಹೊರಬಿದ್ದರು. ಅಸಾನ್ಯಾ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಗಣರಾಜ್ಯಕ್ಕೆ ಓಟು ಹಾಕಲಾರರು ಅನ್ನುವ ಗುಮಾನಿಯಿಂದ ಹೆಂಗಸರಿಗೆ ಓಟು ತಪ್ಪಿಸುವುದು ಘೋರ ಅನ್ಯಾಯ, ಕ್ಲಾರಾ ಹೇಳುವುದೇ ಸರಿ ಅಂತ ಬರೆದಿದ್ದಾರೆ. ಜೊತೆಗೆ, ಕೆಂಟ್‌ಗಿಂತ ಇವಳು ಜಾಣೆ, ಮಾತುಗಾತಿ, ಆದರೆ ಅಷ್ಟು ಹಿತವಾದ ಹೆಂಗಸಲ್ಲ ಅಂತ ಒಂದು ಒಗ್ಗರಣೆಯನ್ನೂ ಹಾಕಿದ್ದಾರೆ! ಸಭೆಯಲ್ಲಿದ್ದ ನಾನೂರು ಚಿಲ್ಲರೆ ಗಂಡಸರಲ್ಲಿ ಹಿತವಾದವರು ಎಷ್ಟು ಜನ ಅಂತ ಯಾರೂ ಲೆಕ್ಕ ಇಟ್ಟಂತಿಲ್ಲ.

ಇಲ್ಲಿ ಸಭಿಕರೊಬ್ಬರು ಕೇಳಿದರು: ಬಲಪಂಥದವರು ಯಾಕೆ ಪರ ಓಟು ಹಾಕಿದರು?

ಒಳ್ಳೆಯ ಪ್ರಶ್ನೆ. ಅವರದ್ದೂ ಅದೇ ಲೆಕ್ಕ. ಹೆಂಗಸರು ನಮ್ಮ ಕಡೆ ಬರುತ್ತಾರೆ ಅಂತ. ಹೆದರಿದವರೂ ಆಸೆಪಟ್ಟವರೂ ಒಂದೇ ಮಗ್ಗಿ ಓದುತ್ತಿದ್ದರು, ಉತ್ತರವೂ ಒಂದೇ, ಹಿಗ್ಗಿದ್ದು ಒಬ್ಬರು, ಕುಗ್ಗಿದ್ದು ಇನ್ನೊಬ್ಬರು. ಆ ಮಗ್ಗಿಯನ್ನೇ ಮುಟ್ಟಲ್ಲ ಅಂದವರು ಕ್ಲಾರಾ, ಮತ್ತೆ ಸಮಾಜವಾದಿಗಳಲ್ಲಿ ಒಂದಷ್ಟು ಜನ.

ಇಷ್ಟಕ್ಕೇ ಮುಗಿಯಲಿಲ್ಲ. ಡಿಸೆಂಬರ್ 1ರಂದು ಹಿಂಬಾಗಿಲಿಂದ ಇನ್ನೊಂದು ಪ್ರಯತ್ನ. ಅಸಾನ್ಯಾ ಪಕ್ಷದ ಪೆನ್ಯಾಲ್ಬಾ ಅನ್ನುವವರು, ಹೆಂಗಸರು ಮೊದಲು ಪುರಸಭೆಗಳಿಗೆ ಓಟು ಹಾಕಿ ಅಭ್ಯಾಸ ಮಾಡಿಕೊಳ್ಳಲಿ, ಸಂಸತ್ತಿನದ್ದು ಆಮೇಲೆ ನೋಡೋಣ ಅನ್ನುವ ಅರ್ಥದ ಷರತ್ತು ತಂದರು. ಅದು ಬಿದ್ದು ಹೋದದ್ದು 131ಕ್ಕೆ 127ರಲ್ಲಿ. ನಾಲ್ಕೇ ಓಟು. ಎಂಟು ದಿನ ಬಿಟ್ಟು ಸಂವಿಧಾನ ಅಂಗೀಕಾರವಾಯಿತು. ಅದರ 36ನೇ ವಿಧಿ: 23 ವರ್ಷ ದಾಟಿದ ಗಂಡಾಗಲಿ ಹೆಣ್ಣಾಗಲಿ, ಓಟಿನ ಹಕ್ಕು ಒಂದೇ.

ವಿಚ್ಛೇದನ ಕಾನೂನು, ಮದುವೆಯಾಚೆ ಹುಟ್ಟಿದ ಮಕ್ಕಳ ಹಕ್ಕು, ಇವುಗಳಿಗೂ ಕ್ಲಾರಾ ದುಡಿದರು. 1932ರಲ್ಲಿ ವಿಚ್ಛೇದನ ಕಾನೂನು ಬಂದ ಮೇಲೆ ವಕೀಲೆಯಾಗಿ ಅಂಥ ಕೇಸುಗಳನ್ನೂ ನಡೆಸಿದರು. ಇದಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ, 1933ಕ್ಕೆ ಹೋಗೋಣ.

1933ರ ನವೆಂಬರ್ 19. ಸ್ಪೇನ್‌ನ ಹೆಂಗಸರು ಮೊದಲ ಸಲ ಸಂಸತ್ ಚುನಾವಣೆಯಲ್ಲಿ ಓಟು ಹಾಕಿದರು. ಬಲಪಂಥ ಗೆದ್ದಿತು! ಸೆದಾ ಅನ್ನುವ ಕ್ಯಾಥೊಲಿಕ್ ಕೂಟ ಅತಿ ದೊಡ್ಡ ಗುಂಪಾಗಿ ಬಂತು. ಸಮಾಜವಾದಿಗಳು ಅರ್ಧಕ್ಕಿಳಿದರು. ಅಸಾನ್ಯಾ ಪಕ್ಷ ನೆಲ ಕಚ್ಚಿತು. ಕ್ಲಾರಾ ಸೋತರು, ಕೆಂಟ್ ಕೂಡ ಸೋತರು. ನೋಡಿದ್ರಾ, ನಾವು ಹೇಳಲಿಲ್ವಾ ಅಂತ ಎಲ್ಲರೂ ಒಟ್ಟಿಗೆ ಕ್ಲಾರಾ ತಲೆ ಮೇಲೆ ಗೂಬೆ ಕೂರಿಸಿದರು.

ನಿಜ ಸಂಗತಿ ನೋಡೋಣ. ಆಗಿನ ಚುನಾವಣಾ ಕಾನೂನು ಕೂಟ ಕಟ್ಟಿಕೊಂಡವರಿಗೆ ಭಾರಿ ಲಾಭ ಕೊಡುತ್ತಿತ್ತು. ಒಂದು ಜಿಲ್ಲೆಯಲ್ಲಿ ಮುಂದೆ ಬಂದ ಪಟ್ಟಿಗೆ ಸೀಟುಗಳ ಸಿಂಹಪಾಲು. 1931ರಲ್ಲಿ ಎಡದವರೂ ಗಣರಾಜ್ಯವಾದಿಗಳೂ ಒಟ್ಟಿಗೆ ನಿಂತಿದ್ದರು, ಗೆದ್ದಿದ್ದರು. 1933ರ ಹೊತ್ತಿಗೆ ಜಗಳವಾಡಿಕೊಂಡು ಸಮಾಜವಾದಿಗಳು ಬೇರೆ, ಗಣರಾಜ್ಯವಾದಿಗಳು ಬೇರೆ. ಒಟ್ಟಿಗೆ ನಿಂತದ್ದು ಈ ಸಲ ಬಲಪಂಥ. ಅದೇ ವರ್ಷ ಜನವರಿಯಲ್ಲಿ ಕಾಸಾಸ್ ವಿಯೆಹಾಸ್ ಅನ್ನುವ ಹಳ್ಳಿಯಲ್ಲಿ ಸರ್ಕಾರದ ಪೊಲೀಸರು ಬಡ ಕೂಲಿಗಳನ್ನು ಗುಂಡಿಕ್ಕಿ ಕೊಂದಿದ್ದರು, ಆ ಕಳಂಕ ಅಸಾನ್ಯಾ ಸರ್ಕಾರಕ್ಕೆ ಅಂಟಿತ್ತು. ಅರಾಜಕತಾವಾದಿ ಕಾರ್ಮಿಕ ಸಂಘದವರು ಓಟೇ ಹಾಕಬೇಡಿ ಅಂತ ಊರೂರು ಪ್ರಚಾರ ಮಾಡಿದರು. ಇಷ್ಟೆಲ್ಲ ಕಣ್ಣೆದುರಿಗಿದ್ದೂ ತಪ್ಪು ಹೆಂಗಸರದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗಾಯಿತು.

ಆ ಚುನಾವಣೆಯಲ್ಲಿ ಗೆದ್ದು ಬಂದ ಹೆಂಗಸರು ಐವರು. ಅವರಲ್ಲಿ ನಾಲ್ವರು ಸಮಾಜವಾದಿಗಳು, ಬಲಪಂಥದಿಂದ ಒಬ್ಬರೇ. ಹೆಂಗಸರಿಗೆ ಈಗಲೇ ಓಟು ಬೇಡ ಅಂತಿದ್ದ ಮಾರ್ಗರಿತಾ ನೆಲ್ಕೆನ್ ಮಾತ್ರ 1931, 1933, 1936 ಮೂರೂ ಸಲ ಆರಿಸಿ ಬಂದರು!

ಕ್ಲಾರಾ ಮುಂದೇನು ಮಾಡಿದರು? ಲೆರೂ ಪ್ರಧಾನಿಯಾಗಿದ್ದರು, ಸಮಾಜ ಕಲ್ಯಾಣದ ಇಲಾಖೆಯೊಂದರ ಮಹಾನಿರ್ದೇಶಕಿ ಹುದ್ದೆ ಕೊಟ್ಟರು. ಕ್ಲಾರಾ ಒಪ್ಪಿಕೊಂಡರು. ಇದು ಅವರಿಗೆ ಮುಳುವಾಯಿತು ಅಂತ ನನ್ನ ಅನಿಸಿಕೆ. ಲೆರೂ ದಿನೇ ದಿನೇ ಸೆದಾ ಕಡೆ ವಾಲುತ್ತಿದ್ದರು. 1934ರ ಅಕ್ಟೋಬರ್‌ನಲ್ಲಿ ಅಸ್ತೂರಿಯಾಸ್‌ನ ಗಣಿ ಕಾರ್ಮಿಕರು ದಂಗೆ ಎದ್ದಾಗ ಸರ್ಕಾರ ಆಫ್ರಿಕಾದಿಂದ ಸೈನ್ಯ ತರಿಸಿ ತುಳಿದು ಹಾಕಿತು. ಕ್ಲಾರಾ ಹುದ್ದೆ ಬಿಟ್ಟರು. ಆ ಕಾರ್ಮಿಕರ ಮಕ್ಕಳಿಗಾಗಿ ಓಡಾಡಿದರು. 1935ರ ಶುರುವಿನಲ್ಲಿ ಪಕ್ಷವನ್ನೂ ಬಿಟ್ಟರು. ಅದೇ ವರ್ಷದ ಕೊನೆಗೆ ಜೂಜಿನ ಯಂತ್ರಕ್ಕೆ ಪರವಾನಗಿ ಕೊಡಿಸುವ ಲಂಚದ ಹಗರಣದಲ್ಲಿ ಲೆರೂ ಪಕ್ಷ ಮಣ್ಣು ಮುಕ್ಕಿತು. ಆಗ ಕ್ಲಾರಾ ಅಲ್ಲಿರಲಿಲ್ಲ, ಪುಣ್ಯ.

ಹಳೇ ಮನೆಗೆ ಹೋಗೋಣ ಅಂತ ಅಸಾನ್ಯಾ ಅವರ ಹೊಸ ಪಕ್ಷ ಇಸ್ಕಿಯೆರ್ದಾ ರಿಪಬ್ಲಿಕಾನಾಗೆ ಅರ್ಜಿ ಹಾಕಿದರು. ಸಾಧಾರಣವಾಗಿ ಇಂಥ ಅರ್ಜಿಗೆ ಒಂದು ಸಹಿ ಸಾಕು. ಇವರದ್ದಕ್ಕೆ ವಿಚಾರಣೆ, ಆಕ್ಷೇಪಣೆ, ಕೊನೆಗೆ ಸದಸ್ಯರ ಮತದಾನ. ಸೇರಿಸಿಕೊಳ್ಳಬೇಕು ಅಂದವರು 68, ಬೇಡ ಅಂದವರು 183. ಸ್ಪೇನ್‌ನ ಹೆಂಗಸರಿಗೆಲ್ಲ ಓಟು ಕೊಡಿಸಿದವರನ್ನು ಓಟು ಹಾಕಿಯೇ ಹೊರಗಿಟ್ಟರು. ಅದೇ ಪಕ್ಷದ ಟಿಕೆಟಿನಲ್ಲಿ 1936ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕೆಂಟ್ ಹಾಏನ್ ಕ್ಷೇತ್ರದಿಂದ ಗೆದ್ದು ಬಂದರು.

ಆ ಚುನಾವಣೆ ಗೆದ್ದದ್ದು ಜನರಂಗ ಅನ್ನುವ ಎಡಪಂಥದ ಕೂಟ. ಓಟು ಹಾಕಿದ್ದು 1933ರಲ್ಲಿ ಹಾಕಿದ ಅದೇ ಹೆಂಗಸರು. ಈ ಸಲ ಯಾರೂ ಹೆಂಗಸರಿಂದ ಗೆದ್ದೆವು ಅನ್ನಲಿಲ್ಲ. ಸೋತಾಗ ಮಾತ್ರ ಹೆಂಗಸರ ಓಟಿಗೆ ಲೆಕ್ಕ. ಕ್ಲಾರಾ ಆ ಬೇಸಿಗೆಯಲ್ಲಿ ತಮ್ಮ ಪುಸ್ತಕ ಹೊರತಂದರು. ಹೆಸರೇ "ನನ್ನ ಮಹಾಪಾಪ: ಹೆಂಗಸರ ಓಟು ಮತ್ತು ನಾನು" ಅಂತ. ವ್ಯಂಗ್ಯ ಕಾಣುತ್ತದೆ, ಒಳಗಿನ ನೋವೂ ಕಾಣುತ್ತದೆ. ಯಾರು ಯಾವಾಗ ಏನು ಹೇಳಿದರು, ಎಷ್ಟು ಓಟು ಯಾವ ಕಡೆ ಬಿತ್ತು, ಎಲ್ಲವನ್ನೂ ವಕೀಲರು ದಾವೆ ಹೂಡುವ ಹಾಗೆ ಜೋಡಿಸಿಟ್ಟಿದ್ದಾರೆ. ಎರಡು ತಿಂಗಳೂ ಆಗಿರಲಿಲ್ಲ, ಜುಲೈನಲ್ಲಿ ಸೇನಾಧಿಕಾರಿಗಳು ಬಂಡೆದ್ದರು, ಯುದ್ಧ ಶುರುವಾಯಿತು. ಪುಸ್ತಕ ಯಾರಿಗೆ ಬೇಕಿತ್ತು?

ಮ್ಯಾಡ್ರಿಡ್ ಗಣರಾಜ್ಯದ ಕೈಯಲ್ಲೇ ಇತ್ತು, ಆದರೆ ಬೀದಿಯಲ್ಲಿ ಕಾನೂನು ಇರಲಿಲ್ಲ. ರಾತ್ರಿ ಮನೆಯಿಂದ ಎಳೆದುಕೊಂಡು ಹೋಗಿ ಕೊಲ್ಲುವುದು ನಡೆದಿತ್ತು. ಕ್ಲಾರಾ ವಯಸ್ಸಾದ ತಾಯಿ ಮತ್ತು ಸೋದರನ ಮಗಳನ್ನು ಕರೆದುಕೊಂಡು ಸೆಪ್ಟೆಂಬರ್‌ನಲ್ಲಿ ಊರು ಬಿಟ್ಟರು. ಅಲಿಕಾಂತೆ ಬಂದರಿನಿಂದ ಜರ್ಮನ್ ಹಡಗು, ಇಟಲಿಯ ಜಿನೋವಾ ಕಡೆಗೆ. ಹಡಗಿನಲ್ಲಿದ್ದ ಫ್ರಾಂಕೊ ಕಡೆಯ ಯುವಕರು ಇವರನ್ನು ಗುರುತು ಹಿಡಿದರು. ಕೊಂದೇ ಹಾಕುವ ಯೋಚನೆ ಮಾಡಿದ್ದರಂತೆ. ಅದು ಆಗಲಿಲ್ಲ, ಜಿನೋವಾದ ಪೊಲೀಸರಿಗೆ ಹಿಡಿದುಕೊಟ್ಟರು. ಅಲ್ಲಿ ಸ್ವಲ್ಪ ಹೊತ್ತು ಕೂಡಿಹಾಕಿ ಬಿಟ್ಟರು. ಅಲ್ಲಿಂದ ಸ್ವಿಟ್ಜರ್ಲೆಂಡ್‌ನ ಲೊಸಾನ್‌ಗೆ, ವಕೀಲೆ ಆಂತ್ವಾನೆತ್ ಕೆಂಶ್ ಅನ್ನುವ ಗೆಳತಿಯ ಮನೆಗೆ.

1937ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಬಂತು, ಗಣರಾಜ್ಯವಾದಿಯೊಬ್ಬಳು ಕಂಡ ಸ್ಪೇನ್ ಕ್ರಾಂತಿ ಅಂತ. ಅದರಲ್ಲಿ ಬಂಡೆದ್ದ ಸೇನೆಯನ್ನು ಬೈದರು, ತಮ್ಮ ಕಡೆಯವರು ಮ್ಯಾಡ್ರಿಡ್‌ನಲ್ಲಿ ಮಾಡಿದ ಕೊಲೆಗಳನ್ನೂ ಬರೆದರು. ಯುದ್ಧದ ಮಧ್ಯೆ ಹೀಗೆ ಬರೆದವರನ್ನು ಯಾವ ಕಡೆಯವರು ತಮ್ಮವರು ಅಂತಾರೆ? ದೇಶ ಬಿಟ್ಟು ಬಂದ ಗಣರಾಜ್ಯವಾದಿಗಳ ನಡುವೆಯೂ ಅವರಿಗೆ ಜಾಗ ಸಿಗಲಿಲ್ಲ. ಕೆಲವರು ಈ ಪುಸ್ತಕ ಇಟ್ಟುಕೊಂಡು ಕ್ಲಾರಾ ಬಲಪಂಥದವರು ಅಂತ ಈಗಲೂ ವಾದ ಮಾಡುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಅಂಥವರಿಗೆ ಮುಂದಿನ ಕತೆ ಹೇಳಬೇಕು.

1938ರಲ್ಲಿ ಅರ್ಜೆಂಟೀನಾದ ಬ್ಯೂನೊಸ್ ಐರಿಸ್. ಹದಿನೇಳು ವರ್ಷ ಅಲ್ಲೇ. ವಕೀಲಿ ಮಾಡುವಂತಿಲ್ಲ, ಫ್ರೆಂಚ್‌ನಿಂದ ಅನುವಾದ, ಪತ್ರಿಕೆಗಳಿಗೆ ಬರಹ, ಭಾಷಣ, ಹೀಗೆ ಹೊಟ್ಟೆಪಾಡು. ಕವಯಿತ್ರಿ ಸೊರ್ ಹುವಾನಾ ಬಗ್ಗೆ, ಜೈಲು ಸುಧಾರಣೆಗೆ ದುಡಿದ ಕನ್ಸೆಪ್ಸಿಯೊನ್ ಅರೆನಾಲ್ ಬಗ್ಗೆ ಜೀವನಚರಿತ್ರೆ ಬರೆದರು. ಆದರೆ ಮನಸ್ಸು ಊರಲ್ಲಿ. 1940ರ ದಶಕದ ಕೊನೆಯಿಂದ ಸ್ಪೇನ್‌ಗೆ ವಾಪಸ್ ಬರಲು ದಾರಿ ಹುಡುಕಿದರು. ಅಲ್ಲಿ ಅವರ ಮೇಲೆ ಕೇಸು ಕಾಯುತ್ತಿತ್ತು. ಓಟಿನ ಬಗ್ಗೆ ಅಲ್ಲ, ಫ್ರೀಮೇಸನ್ ಅನ್ನುವ ಗುಟ್ಟಿನ ಸಂಘದ ಸದಸ್ಯೆಯಾಗಿದ್ದರು ಅಂತ. ಫ್ರಾಂಕೊಗೆ ಫ್ರೀಮೇಸನ್ ಅಂದರೆ ವಿಪರೀತ ದ್ವೇಷ, ಅದಕ್ಕೇ ಒಂದು ವಿಶೇಷ ನ್ಯಾಯಮಂಡಳಿ ಮಾಡಿಟ್ಟಿದ್ದ. ಎರಡು ದಾರಿ ಇಟ್ಟರು. 12 ವರ್ಷ ಜೈಲು, ಇಲ್ಲವೇ ಸಂಘದಲ್ಲಿದ್ದ ಬೇರೆಯವರ ಹೆಸರು ಬಾಯಿಬಿಡಿ. ಕ್ಲಾರಾ ಹೆಸರು ಹೇಳಲಿಲ್ಲ. ಊರಿಗೂ ಹೋಗಲಿಲ್ಲ.

1955ರಲ್ಲಿ ಮತ್ತೆ ಲೊಸಾನ್, ಮತ್ತೆ ಅದೇ ಗೆಳತಿ ಕೆಂಶ್ ಅವರ ವಕೀಲಿ ಕಚೇರಿ. ಇಲ್ಲಿಯದ್ದು ನನಗೆ ಎಷ್ಟು ಸಲ ಹೇಳಿದರೂ ಸಾಕಾಗದ ಭಾಗ. ಸ್ವಿಟ್ಜರ್ಲೆಂಡ್ ಅಂದರೆ ಪ್ರಜಾಪ್ರಭುತ್ವದ ತವರು ಅಂತ ನಾವು ಶಾಲೆಯಲ್ಲಿ ಓದಿಲ್ವಾ? ಆ ದೇಶದಲ್ಲಿ ಆಗ ಹೆಂಗಸರಿಗೆ ಓಟೇ ಇರಲಿಲ್ಲ! ಕೆಂಶ್ ಅದಕ್ಕಾಗಿ ದಶಕಗಳಿಂದ ಹೋರಾಡುತ್ತಿದ್ದವರು, 1957ರಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕಟ್ಟಿಕೊಂಡು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. 1959ರ ಫೆಬ್ರವರಿ 1ರಂದು ದೇಶದ ಗಂಡಸರನ್ನು ಕೇಳಿದರೆ ಮೂರರಲ್ಲಿ ಎರಡು ಪಾಲು ಬೇಡ ಅಂದರು. ಅದೇ ದಿನ ಲೊಸಾನ್ ಇರುವ ವೋ ಪ್ರಾಂತ್ಯದ ಗಂಡಸರು ಮಾತ್ರ ತಮ್ಮ ಪ್ರಾಂತ್ಯದ ಮಟ್ಟಿಗೆ ಹೂಂ ಅಂದರು, ಸ್ವಿಟ್ಜರ್ಲೆಂಡ್‌ನಲ್ಲಿ ಮೊದಲು. ಇಡೀ ದೇಶ ಒಪ್ಪಿದ್ದು 1971ರ ಫೆಬ್ರವರಿ 7ರಂದು. 1931ರ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಒಬ್ಬ ಹೆಂಗಸು ಒಂದು ದಿನದಲ್ಲಿ ಗೆದ್ದದ್ದನ್ನು ಸ್ವಿಸ್ ಹೆಂಗಸರು ಸುಮಾರು ನಲವತ್ತು ವರ್ಷ ಕಾದು ಪಡೆದರು. ಆ ಮಾರನೇ ವರ್ಷ, 1972ರ ಏಪ್ರಿಲ್ 30ರಂದು, ಲೊಸಾನ್‌ನಲ್ಲೇ ಕ್ಲಾರಾ ತೀರಿಕೊಂಡರು. ಕ್ಯಾನ್ಸರ್ ಆಗಿತ್ತು. ಚಿತಾಭಸ್ಮ ಮಾತ್ರ ಸ್ಪೇನ್‌ಗೆ ಬಂತು, ಸಾನ್ ಸೆಬಾಸ್ಟಿಯನ್‌ನ ಪೊಯೋಯೆ ಸ್ಮಶಾನಕ್ಕೆ. ಫ್ರಾಂಕೊ ಇನ್ನೂ ಬದುಕಿದ್ದ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದ್ದು: ಹಾಗಾದರೆ ವಿಕ್ಟೋರಿಯಾ ಕೆಂಟ್ ಖಳನಾಯಕಿಯೇ?

ಅಲ್ಲ, ಖಂಡಿತ ಅಲ್ಲ. ಗಣರಾಜ್ಯದ ಮೊದಲ ವರ್ಷ ಜೈಲು ಇಲಾಖೆಯ ಮುಖ್ಯಸ್ಥರಾಗಿ ಅವರು ಮಾಡಿದ ಕೆಲಸ ಓದಿ. ಕೈದಿಗಳ ಸಂಕೋಲೆಗಳನ್ನು ತೆಗೆಸಿ, ಅವುಗಳನ್ನು ಕರಗಿಸಿ, ಅದೇ ಲೋಹದಲ್ಲಿ ಕನ್ಸೆಪ್ಸಿಯೊನ್ ಅರೆನಾಲ್ ಅವರ ಪ್ರತಿಮೆ ಮಾಡಿಸಲು ಹೊರಟವರು. ಮುಂದೆ ಬ್ಯೂನೊಸ್ ಐರಿಸ್‌ನಲ್ಲಿ ಕ್ಲಾರಾ ಬರೆದದ್ದು ಅದೇ ಅರೆನಾಲ್ ಜೀವನವನ್ನು. ಇಬ್ಬರಿಗೂ ಗುರು ಒಬ್ಬರೇ ಅನ್ನಬಹುದು. ಕೆಂಟ್ ಕೂಡ ದೇಶ ಬಿಟ್ಟರು, ಪ್ಯಾರಿಸ್‌ನಲ್ಲಿ ನಾಜಿಗಳಿಂದ ತಲೆಮರೆಸಿಕೊಂಡು ಬದುಕಿದರು, ಕೊನೆಗೆ ನ್ಯೂಯಾರ್ಕ್ ಸೇರಿದರು, 1987ರಲ್ಲಿ ತೀರಿಕೊಂಡರು. ಅವರು ಹೆದರಿದ್ದರಲ್ಲಿ ಅರ್ಥ ಇತ್ತು. ಆದರೆ ಹೆದರಿಕೆ ಸರಿ ಅಂದ ಮಾತ್ರಕ್ಕೆ ಅದಕ್ಕೆ ಹಚ್ಚಿದ ಮದ್ದು ಸರಿ ಅಂತ ಆಗುವುದಿಲ್ಲ. ಗಣರಾಜ್ಯವನ್ನು ಕೊನೆಗೆ ಮುಗಿಸಿದ್ದು ಹೆಂಗಸರ ಓಟಲ್ಲ, ಗಂಡಸರ ಬಂದೂಕು.

ಇವತ್ತು ಕ್ಲಾರಾ ಎಲ್ಲರಿಗೂ ಬೇಕು. 2006ರಲ್ಲಿ ಸಂಸತ್ ಭವನದಲ್ಲಿ ಅವರ ಪ್ರತಿಮೆ ಇಟ್ಟರು. ಮ್ಯಾಡ್ರಿಡ್‌ನ ದೊಡ್ಡ ರೈಲು ನಿಲ್ದಾಣ ಚಮಾರ್ತಿನ್‌ಗೆ ಅವರ ಹೆಸರು ಸೇರಿಸಿದ್ದಾರೆ. ಎಡದವರೂ ನಮ್ಮವರು ಅಂತಾರೆ, ಬಲದವರೂ ನಮ್ಮವರು ಅಂತಾರೆ. 1935ರಲ್ಲಿ ಪಕ್ಷ ಹುಡುಕಿಕೊಂಡು ಅಲೆದವರಿಗೆ ಈಗ ಪಕ್ಷಗಳ ಸಾಲು. ಪ್ರತಿಮೆ ನೋಡುವುದಕ್ಕಿಂತ ಆ ಚರ್ಚೆ ಓದುವುದು ಒಳ್ಳೆಯದು ಅಂತ ನನ್ನ ಸಲಹೆ. 1931ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಸಂಸತ್ ನಡಾವಳಿ ಅಕ್ಷರ ಅಕ್ಷರ ಅಚ್ಚಾಗಿದೆ, ಯಾರು ಎಲ್ಲಿ ಕೂಗಿದರು, ಎಲ್ಲಿ ನಕ್ಕರು ಅನ್ನುವುದೂ ಅದರಲ್ಲಿದೆ. ಸ್ಪ್ಯಾನಿಷ್ ಬಲ್ಲ ಕನ್ನಡಿಗರು ಯಾರಾದರೂ ಕ್ಲಾರಾ ಮತ್ತು ಕೆಂಟ್ ಇಬ್ಬರ ಭಾಷಣವನ್ನೂ ಕನ್ನಡಕ್ಕೆ ತಂದರೆ ಎಷ್ಟು ಚೆನ್ನ. ಹಾಗೆ ತರುವವರು ದಯವಿಟ್ಟು ಆ 45 ವರ್ಷದ ಅಯುಸೊ ಅವರನ್ನೂ ಬಿಡಬೇಡಿ.